ಬೂಷ್ಟಿಗೆ ಆರ್‌ಎನ್‌ಎ ಸ್ಪ್ರೇ: ಅಡಿಕೆ ಕೊಳೆರೋಗಕ್ಕೂ ಆಗುತ್ತಾ?

ಬೆಳೆಗೆ ತಗಲುವ ಬೂಷ್ಟನ್ನು ವಿಷ ಹಾಕಿ ಕೊಲ್ಲುವ ಬದಲು, ಅದಕ್ಕೆ ಬೇಕಾದ ಜೀನ್ ಕೆಲಸ ಮಾಡದಂತೆ ತಡೆಯುವ ವಿಧಾನವೇ ಜೀನ್ ಸೈಲೆನ್ಸಿಂಗ್. ಜೀನ್‌ನ ಆದೇಶವನ್ನು ಕೋಶಕ್ಕೆ ಮುಟ್ಟಿಸುವುದು ಆರ್‌ಎನ್‌ಎ. ಅದೇ ಆದೇಶಕ್ಕೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎ ಹೊರಗಿನಿಂದ ಒಳಹೊಕ್ಕರೆ, ಕೋಶ ಅದನ್ನು ಚೂರು ಮಾಡಿ, ಆ ಚೂರಿನ ಗುರುತು ಹಿಡಿದು ತನ್ನದೇ ಆದೇಶವನ್ನೂ ಕತ್ತರಿಸಿಬಿಡುತ್ತದೆ. ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ 1998ರಲ್ಲಿ ಇದನ್ನು ಸಣ್ಣ ಹುಳುವೊಂದರಲ್ಲಿ ತೋರಿಸಿದರು. 2006ರಲ್ಲಿ ನೊಬೆಲ್ ಬಂತು.

ಬೆಳೆ ರೋಗದಲ್ಲಿ ಹೆಚ್ಚು ಪ್ರಯೋಗ ಆಗಿರುವುದು ದ್ರಾಕ್ಷಿ, ಟೊಮೆಟೊ, ಗುಲಾಬಿ ಕೊಳೆಸುವ ಬೂದು ಬೂಷ್ಟು ಬೊಟ್ರೈಟಿಸ್ ಮೇಲೆ. ಇದು ಮಹಾ ಚಾಲಾಕಿ. ತನ್ನ ಆರ್‌ಎನ್‌ಎ ಚೂರುಗಳನ್ನು ಗಿಡದೊಳಗೆ ಕಳಿಸಿ, ರೋಗ ತಡೆಯುವ ಜೀನ್‌ಗಳನ್ನೇ ಸುಮ್ಮನಾಗಿಸುತ್ತದೆ ಅನ್ನೋದು 2013ರಲ್ಲಿ ಗೊತ್ತಾಯಿತು. 2016ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಅದೇ ಆಯುಧವನ್ನು ಬೂಷ್ಟಿನ ಕಡೆಗೆ ತಿರುಗಿಸಿದರು. ಹಣ್ಣು, ತರಕಾರಿ, ಹೂವಿನ ಎಸಳಿಗೆ ಆರ್‌ಎನ್‌ಎ ಹಾಕಿದಾಗ ಕೊಳೆ ಬಹಳ ಕಡಿಮೆಯಾಯಿತು. ಗಿಡದ ಜೀನ್ ಬದಲಾಗುವುದಿಲ್ಲ, ಹಾಗಾಗಿ ಇದು ಕುಲಾಂತರಿ ಬೆಳೆಯಲ್ಲ.

ತೊಡಕು ಇರುವುದು ಬೇರೆ ಕಡೆ. ರೋಗಾಣು ಆರ್‌ಎನ್‌ಎ ಹೀರಿಕೊಂಡರೆ ಮಾತ್ರ ಈ ಸ್ಪ್ರೇಗೆ ಬೆಲೆ. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೊಟ್ರೈಟಿಸ್ ಚೆನ್ನಾಗಿ ಹೀರಿತು, ಭತ್ತಕ್ಕೆ ಕಾಟ ಕೊಡುವ ರೈಜೋಕ್ಟೋನಿಯಾ ಕೂಡ. ಮಾವಿಗೆ ಚಿಬ್ಬು ರೋಗ ತರುವ ಕೊಲೆಟೋಟ್ರೈಕಮ್ ಹೀರಲೇ ಇಲ್ಲ. ಆಲೂಗಡ್ಡೆ ಅಂಗಮಾರಿಯ ಫೈಟೋಫ್ತೊರಾ ಹೀರಿದ್ದು ಅಷ್ಟಕ್ಕಷ್ಟೆ. ನಮ್ಮ ಅಡಿಕೆ ಕೊಳೆರೋಗಕ್ಕೆ ಕಾರಣವೂ ಇದೇ ಫೈಟೋಫ್ತೊರಾ ಕುಲದ್ದು.

ಮಳೆ ಬಿಸಿಲಿಗೆ ಬರೀ ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಜೇಡಿಮಣ್ಣಿನಂಥ ಅತಿಸಣ್ಣ ಕಣಗಳಿಗೆ ಅಂಟಿಸಿ ಹೊಡೆದಾಗ ಟೊಮೆಟೊ ಎಲೆಗೆ 1 ವಾರ ಸಿಗುತ್ತಿದ್ದ ರಕ್ಷಣೆ 3 ವಾರ ಸಿಕ್ಕಿದೆ. ಆದರೆ ಮಲೆನಾಡಿನ ಆಷಾಢದ ಮಳೆಯೇ ಬೇರೆ ಲೆಕ್ಕ.

ಅಮೆರಿಕ 2023ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟ ಆರ್‌ಎನ್‌ಎ ಸ್ಪ್ರೇ ಆಲೂಗಡ್ಡೆ ತಿನ್ನುವ ದುಂಬಿಗೆ, ಬೂಷ್ಟಿಗಲ್ಲ. ಅಡಿಕೆಗೆ ಸದ್ಯಕ್ಕೆ ಮಳೆಗೆ ಮುಂಚೆಯೇ ಶೇ 1ರ ಬೋರ್ಡೋ ಹೊಡೆಯುವುದೇ ದಾರಿ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಯಾರಾದರೂ ‘ಆರ್‌ಎನ್‌ಎ ಔಷಧಿ’ ಅಂತ ಅಂಗಡಿಗೆ ತಂದರೆ ಡಬ್ಬಿಯ ಮೇಲೆ ಕೇಂದ್ರದ ನೋಂದಣಿ ಸಂಖ್ಯೆ, ಬೆಳೆಯ ಹೆಸರು, ರೋಗದ ಹೆಸರು ಮೂರೂ ನೋಡಬೇಕು. ನೋಂದಣಿ ಇಲ್ಲದ್ದನ್ನು ಮಾರಿದರೆ 1968ರ ಕೀಟನಾಶಕ ಕಾಯ್ದೆ ಪ್ರಕಾರ ಅಂಗಡಿಯವರ ಮೇಲೂ ಕೇಸು ಬೀಳುತ್ತದೆ.