ಡೈವಿಂಗ್ ಬೋಟಿನಲ್ಲಿ ಟಿಪ್ಸ್: ಮೀನು ತೋರಿಸಿದ್ದಕ್ಕಾ, ಜೀವ ಕಾಯ್ದಿದ್ದಕ್ಕಾ?

'ಟಿಪ್' ಎಂಬುದು 'ಬೇಗ ಸೇವೆ ಸಿಗಲಿ' ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಹುಟ್ಟಿದ್ದು ಎನ್ನುವ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಅದು ಕಟ್ಟುಕತೆ. 17ನೇ ಶತಮಾನದ ಇಂಗ್ಲೆಂಡಿನ ಕಳ್ಳರ ಆಡುಮಾತಿನಲ್ಲಿ ಆ ಪದಕ್ಕೆ 'ಕೊಡು' ಎಂಬ ಅರ್ಥವಿತ್ತು. ಒಳ್ಳೆಯ ಸೇವೆಗೆ ಹೆಚ್ಚು ಟಿಪ್ಸ್ ಸಿಗುತ್ತದೆ ಎನ್ನುವುದೂ ಅರ್ಧ ಸತ್ಯವೇ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೇಲ್ ಲಿನ್ ಹೋಟೆಲುಗಳ ಟಿಪ್ಸ್ ಬಗ್ಗೆ ಹಲವು ವರ್ಷ ಅಧ್ಯಯನ ಮಾಡಿದವರು. ಸೇವೆಯ ಗುಣಮಟ್ಟಕ್ಕೂ ಟಿಪ್ಸಿನ ಮೊತ್ತಕ್ಕೂ ಇರುವ ನಂಟು ತೀರಾ ದುರ್ಬಲ ಎಂದು ಅವರು ತೋರಿಸಿದ್ದಾರೆ.

ಹೋಟೆಲಿನಲ್ಲಿ ಇದರಿಂದ ದೊಡ್ಡ ಅನಾಹುತವೇನಿಲ್ಲ. ಸಮುದ್ರದ ಲೆಕ್ಕ ಬೇರೆ.

ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಗಳಲ್ಲಿ ಡೈವಿಂಗಿಗೆ ಬಾಡಿಗೆ ಬೋಟುಗಳು ಹೋಗುತ್ತವೆ. ಅಲ್ಲಿ ಒಂದು ಸಿಲಿಂಡರಿಗೆ 5ರಿಂದ 10 ಡಾಲರ್ ಟಿಪ್ಸ್ ಕೊಡುವುದು ರೂಢಿ. ಟಿಪ್ಸ್ ಬರುವ ಕೆಲಸಗಳಿಗೆ ಗಂಟೆಗೆ 2.13 ಡಾಲರ್ ನಗದು ಕೂಲಿ ಸಾಕು ಎನ್ನುತ್ತದೆ ಅಲ್ಲಿನ ಕೇಂದ್ರ ಕಾನೂನು. ಟಿಪ್ಸ್ ಸೇರಿಸಿಯೂ 7.25 ಡಾಲರ್ ಆಗದಿದ್ದರೆ ಉಳಿದದ್ದನ್ನು ಮಾಲೀಕ ತುಂಬಬೇಕು. ಆ 2.13 ಎಂಬ ಅಂಕಿ 1991ರಿಂದ ಬದಲಾಗಿಲ್ಲ! ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚಿದೆ. ಆದರೂ 'ಟಿಪ್ಸ್ ಎಂದರೆ ಮೇಲ್ಸಂಪಾದನೆ' ಎಂಬ ನಮ್ಮ ಊಹೆ ಅಲ್ಲಿ ಹೊಂದುವುದಿಲ್ಲ.

ಗೈಡ್ ಮಾಡುವ ಕೆಲಸವೇನು? ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಿದ್ದಾಗಲೇ ಸುಮಾರು 14 ಕೆಜಿ. ತುಂಬಿಸಿದ ಗಾಳಿಯದ್ದೇ ಇನ್ನೂ ಎರಡೂವರೆ ಕೆಜಿ. ಅಲುಗಾಡುವ ಬೋಟಿನಲ್ಲಿ ಅಂಥ ಹತ್ತಾರನ್ನು ಎತ್ತಿಡಬೇಕು. (ಒಳಗಿರುವುದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ಉಸಿರಾಡುತ್ತಾ ಆರು ಮೀಟರಿಗಿಂತ ಕೆಳಗಿಳಿದರೆ ಫಿಟ್ಸ್ ಬರುವ ಅಪಾಯವಿದೆ. ನಮ್ಮ ಸುದ್ದಿವಾಹಿನಿಗಳು ಇದನ್ನು ಯಾವಾಗ ತಿದ್ದಿಕೊಳ್ಳುತ್ತವೋ!)

ಭಾರ ಹೊರುವುದು ಸುಲಭದ ಭಾಗ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಗಾಳಿಯ ಖರ್ಚೂ ಮೂರು ಪಟ್ಟು. ಮೇಲೆ ಒಂದು ಗಂಟೆ ಬರುವ ಸಿಲಿಂಡರ್ ಅಲ್ಲಿ 20 ನಿಮಿಷಕ್ಕೆ ಮುಗಿಯುತ್ತದೆ. ಗಾಬರಿಯಾದವರದ್ದು ಇನ್ನೂ ಬೇಗ. ಹಾಗಾಗಿ ಗೈಡ್ ಮೀನಿಗಿಂತ ಹೆಚ್ಚು ನೋಡುವುದು ನಿಮ್ಮ ಕಣ್ಣು ಮತ್ತು ಗೇಜನ್ನು. ಆಳದಲ್ಲಿ ರಕ್ತ, ಅಂಗಾಂಶಗಳಲ್ಲಿ ಕರಗಿದ ನೈಟ್ರೋಜನ್, ಅವಸರದಲ್ಲಿ ಮೇಲೆ ಬಂದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾಗುತ್ತದೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಅದಕ್ಕೇ ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು. ನಿಮಗೆ ಇದು ವರ್ಷಕ್ಕೊಂದೆರಡು ದಿನದ ಮಾತು. ಗೈಡಿನ ದೇಹಕ್ಕೆ ಸೀಸನ್ ಪೂರ್ತಿ.

ಈಗ ಟಿಪ್ಸಿಗೆ ಬನ್ನಿ. ಒಬ್ಬರ ಗಾಳಿ ಕಡಿಮೆಯಾಯಿತೆಂದು ಗೈಡ್ ಇಡೀ ಗುಂಪನ್ನು ಬೇಗ ಮೇಲೆ ಕರೆತಂದರೆ ಉಳಿದವರ ಮುಖ ಸಪ್ಪಗಾಗುತ್ತದೆ. ಆಮೆಯನ್ನು ಅಟ್ಟಿಸಿಕೊಂಡು ಹೋಗಿ ತೋರಿಸಿದವನಿಗೆ ಚಪ್ಪಾಳೆ. ಕೀಸ್‌ನ ಸಂರಕ್ಷಿತ ಕಡಲಿನಲ್ಲಿ ಹವಳ ಮುಟ್ಟುವುದು ಕಾನೂನುಬಾಹಿರ. 'ಮುಟ್ಟಬೇಡಿ' ಎನ್ನುವ ಗೈಡ್ ಕೆಲವರಿಗೆ ಸಿಡುಕನಂತೆ ಕಾಣುತ್ತಾನೆ. ನಮ್ಮ ಖುಷಿಯನ್ನಷ್ಟೇ ನೋಡಿ ದುಡ್ಡು ಕೊಟ್ಟರೆ ಎಚ್ಚರಿಕೆಗೇ ದಂಡ ಹಾಕಿದಂತೆ. ಮುರುಡೇಶ್ವರದಿಂದ ನೇತ್ರಾಣಿಗೆ ಹೋದಾಗಲೂ ಇದೇ ಲೆಕ್ಕ. ಅಲ್ಲಿ ಮೊದಲ ಸಲ ಇಳಿಯುವವರ ಸಿಲಿಂಡರನ್ನು ಹಿಡಿದುಕೊಂಡೇ ಈಜುವ ಆ ಕೈ ನಿಮ್ಮ ಫೋಟೋದಲ್ಲಿ ಕಾಣದಿರಬಹುದು.

ಹಾಗಾಗಿ ಎಷ್ಟು ಕೊಡಬೇಕೆಂದು ನೀರಿಗಿಳಿಯುವ ಮೊದಲೇ ನಿರ್ಧರಿಸಿಕೊಳ್ಳಿ. ನೋಟನ್ನು ಒದ್ದೆಯಾಗದ ಚೀಲದಲ್ಲಿಡಿ. ಬೋಟಿನಲ್ಲಿ ಟಿಪ್ಸ್ ಎಲ್ಲರಿಗೂ ಹಂಚಿಕೆಯಾಗುತ್ತದೋ ಇಲ್ಲವೋ ಕೇಳಿ. ಶಾರ್ಕ್ ಕಾಣಲಿಲ್ಲವೆಂದು ಮೊತ್ತ ಇಳಿಸಬೇಡಿ, ಶಾರ್ಕಿಗೆ ಸಂಬಳ ಕೊಡುವವರು ಯಾರೂ ಇಲ್ಲ.