ಲೇತ್ ಮುಂದೆ ನಿಂತ ಗಣಿತ

ಉಸ್ತಾದನ ಕೈ ನೋಡುತ್ತಾ ಶಾಗಿರ್ದ ಕಸುಬು ಕಲಿಯುವುದು ಹಳೆಯ ಪದ್ಧತಿ. ಅದಕ್ಕೆ ವರ್ಷಗಳೇ ಬೇಕು. ಆ ಕಸುಬನ್ನೂ ಕ್ರಮಬದ್ಧ ಪಾಠವಾಗಿಸಬಹುದೆಂದು ತೋರಿಸಿದವರು ಮಾಸ್ಕೋದ ಇಂಪೀರಿಯಲ್ ತಾಂತ್ರಿಕ ಶಾಲೆಯ ವಿಕ್ಟರ್ ಡೆಲ್ಲಾ-ವೋಸ್. 1868ರಲ್ಲಿ ಅವರು ಅರ ಉಜ್ಜುವುದು, ಲೇತ್ ನಡೆಸುವುದು, ಕುಲುಮೆಯ ಕೆಲಸ ಇವನ್ನೆಲ್ಲ ಲೆಕ್ಕದ ಪುಸ್ತಕದಂತೆ ಸುಲಭದಿಂದ ಕಠಿಣಕ್ಕೆ ಸಾಗುವ ಅಭ್ಯಾಸಗಳಾಗಿ ವಿಂಗಡಿಸಿದರು. ಅಲ್ಲಿ ಮಾರುವ ಸಾಮಾನಿಗಿಂತ ಕಲಿಯುವ ಕೈ ಮುಖ್ಯವಾಯಿತು.

1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಆ ಅಭ್ಯಾಸದ ತುಂಡುಗಳನ್ನು ಕಂಡು ಮೆಚ್ಚಿದವರು ಅಮೆರಿಕದ ಎಂಐಟಿಯ ಅಧ್ಯಕ್ಷ ಜಾನ್ ರಂಕಲ್. ಸ್ವತಃ ಗಣಿತಜ್ಞರಾದ ಅವರು ಅದೇ ವರ್ಷ ತಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಾರ್ಯಾಗಾರವನ್ನೂ ಜೊತೆಗೆ ಒಂದು ಕಸುಬಿನ ಶಾಲೆಯನ್ನೂ ತೆರೆಸಿದರು. ಸೇಂಟ್ ಲೂಯಿಯ ಗಣಿತ ಪ್ರಾಧ್ಯಾಪಕ ಕ್ಯಾಲ್ವಿನ್ ವುಡ್‌ವರ್ಡ್ ಅವರದು ಇನ್ನೊಂದು ಕಥೆ. ಯಂತ್ರಶಾಸ್ತ್ರದ ಪಾಠಕ್ಕೆ ಮರದ ಮಾದರಿ ಮಾಡಿ ತನ್ನಿ ಎಂದರೆ ಅವರ ವಿದ್ಯಾರ್ಥಿಗಳಿಗೆ ಹತಾರ ಹಿಡಿಯಲೇ ಬರುತ್ತಿರಲಿಲ್ಲ! ಅಲ್ಲಿ 1879ರಲ್ಲಿ ಕೈಕೆಲಸದ ಶಾಲೆ ಸ್ಥಾಪನೆಯಾಯಿತು.

ಗಣಿತದವರಿಗೇ ಇದು ಹೊಳೆದದ್ದು ಆಕಸ್ಮಿಕವೇ? ಲೇತ್‌ನಲ್ಲಿ ತಿರುಗುವ ಸಲಾಕೆಯ ಉದ್ದಕ್ಕೂ ಉಳಿ ಸರಿಯುತ್ತದೆ, ಜೊತೆಗೆ ಒಳಕ್ಕೂ ಇಳಿಯುತ್ತದೆ. ಇಷ್ಟು ಸರಿದರೆ ಎಷ್ಟು ಇಳಿಯಬೇಕು? ಕಲನಶಾಸ್ತ್ರದ ಮೊದಲ ಪ್ರಶ್ನೆಯೂ ಅದೇ: ಬದಲಾವಣೆಯ ದರ.

ನಮ್ಮಲ್ಲಿ ಗ್ಯಾರೇಜಿನ ಹುಡುಗ ಬೆರಳಿನಿಂದ ಸವರಿ ಸವೆತ ಹೇಳುತ್ತಾನೆ. ಕಾಲೇಜಿನ ಹುಡುಗ ಅದನ್ನೇ ಸೂತ್ರದಲ್ಲಿ ಬರೆಯುತ್ತಾನೆ. ಇಬ್ಬರೂ ಒಂದೇ ಮನೆಯವರಾಗಿದ್ದರೂ ಪರಸ್ಪರ ಮಾತಿಲ್ಲ. ಅಪ್ಪನ ಮಸಿಗೈಯನ್ನು ಗೆಳೆಯರಿಂದ ಮುಚ್ಚಿಡುವ ಮಗನಿಗೆ ನಾವು ಕಲಿಸಿದ ಗಣಿತ ಎಂಥದ್ದು?