ಸಂಚಕಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದಿದ್ದಾರೆ ಹಿರಿಯರು. ಕಟ್ಟಿದ ಮನೆಯನ್ನು ಕೊಂಡು ನೋಡು ಎಂದು ಯಾಕೆ ಹೇಳಲಿಲ್ಲವೋ! ಹೇಳಿದ್ದರೆ 2008ರ ಆ ಜೂನ್ ತಿಂಗಳಲ್ಲಿ ನಾವು ಇನ್ನಷ್ಟು ಎಚ್ಚರವಾಗಿರುತ್ತಿದ್ದೆವು.

ಧಾರವಾಡದ ಹಳೆಯ ಓಣಿಯಲ್ಲೊಂದು ಹಂಚಿನ ಮನೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಹಿತ್ತಲು, ಹಿತ್ತಲಲ್ಲಿ ಪೇರಲ ಗಿಡ. ಒಂಬತ್ತು ಲಕ್ಷಕ್ಕೆ ಮಾತಾಗಿತ್ತು. ಒಂದು ಲಕ್ಷ ಸಂಚಕಾರ ಕೊಟ್ಟು ಕಾಗದ ಮಾಡಿಕೊಂಡಿದ್ದೆವು. ಆ ಲಕ್ಷದಲ್ಲಿ ನನ್ನ ನಾಲ್ಕು ಬಳೆ ಅಡವಿಟ್ಟ ಹಣವೂ ಇತ್ತು. ಬಾಡಿಗೆ ಮನೆ ಬಿಡುತ್ತೇವೆಂದು ಮಾಲೀಕರಿಗೆ ತಿಳಿಸಿಯಾಗಿತ್ತು. ಹಾಲು ಉಕ್ಕಿಸಲೆಂದು ಹೊಸ ಪಾತ್ರೆ ತಂದಾಗಿತ್ತು. ಖರೀದಿ ಪತ್ರದ ದಿನ ಬೆಳಿಗ್ಗೆ ಹತ್ತು ಗಂಟೆಗೇ ನೋಂದಣಿ ಕಚೇರಿಯ ಬೆಂಚಿನ ಮೇಲೆ ಕುಳಿತೆವು. ಹನ್ನೆರಡು ಹೊಡೆಯಿತು. ಮನೆಯ ಯಜಮಾನರು ಒಬ್ಬರೇ ಬಂದರು, ತಲೆ ತಗ್ಗಿಸಿಕೊಂಡು.

"ಅಕ್ಕಾರ, ತಂಗಿ ಬರೂದಿಲ್ಲಂತ. ಸಹಿ ಹಾಕೂದಿಲ್ಲ ಅಂತ ಕಡ್ಡಿ ಮುರಿದಂಗ ಹೇಳಿಬಿಟ್ಟಾಳ್ರಿ" ಎಂದರು.

ತಂಗಿಯ ಸಹಿ ಬೇಕೆಂಬುದೇ ನಮಗೆ ಗೊತ್ತಾದದ್ದು ಎರಡು ದಿನದ ಹಿಂದೆ, ಸಾಲ ಕೊಡುವ ಬ್ಯಾಂಕಿನ ವಕೀಲರು ಕಾಗದ ನೋಡಿ ಹೇಳಿದಾಗ. ಅಜ್ಜನ ಕಾಲದ ಮನೆ. ಅಪ್ಪ 2006ರಲ್ಲಿ ತೀರಿಕೊಂಡಿದ್ದರು. ತಂಗಿಯ ಮದುವೆ 1988ರಲ್ಲೇ ಆಗಿತ್ತು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಆಕಿದೇನು ಕೇಳೂದು" ಎಂದುಕೊಂಡಿದ್ದರು ಅಣ್ಣ. ನಿಜ ಹೇಳಬೇಕೆಂದರೆ, ನಾನೂ ಹಾಗೇ ಅಂದುಕೊಂಡಿದ್ದೆ.

ಮನೆಗೆ ಬಂದು ಹೊಸ ಪಾತ್ರೆಯನ್ನು ಅಟ್ಟಕ್ಕೆ ಸೇರಿಸಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಅದು ಹಸಿವಿನ ಮಾತು. ಮನೆ ತಪ್ಪಿದ ನೋವು ಬೇರೆ ತರಹದ್ದು. ಗಂಡಸರು ಮನೆ ಕೊಳ್ಳುವಾಗ ಲೆಕ್ಕ ಹಾಕುತ್ತಾರೆ; ನಾವು ಆಗಲೇ ಅಲ್ಲಿ ಸಂಸಾರ ಹೂಡಿಬಿಟ್ಟಿರುತ್ತೇವೆ. ತುಳಸಿ ಕಟ್ಟೆ ಎಲ್ಲಿ, ಹಪ್ಪಳ ಒಣಗಿಸುವುದೆಲ್ಲಿ, ಮಗಳು ಓದಲು ಕೂರುವ ಕಿಟಕಿ ಯಾವುದು, ಎಲ್ಲವೂ ನಿಶ್ಚಯವಾಗಿರುತ್ತದೆ. ಕಾಣದ ಮನೆಯೊಂದನ್ನು ಖಾಲಿ ಮಾಡುವ ಕಷ್ಟವನ್ನು ಯಾರಿಗೆ ಹೇಳುವುದು? ಮೇಲೆ ನೆರೆಹೊರೆಯವರ ಪ್ರಶ್ನೆ: "ಯಾವಾಗ್ರಿ ಗೃಹಪ್ರವೇಶ?"

ನಮ್ಮ ಅತ್ತೆಯವರು ಆ ರಾತ್ರಿ ಒಂದೇ ಮಾತು ಹೇಳಿದರು: "ಸಂಚಕಾರ ಕೊಟ್ಟ ಮನೀಗೆ ಸಂಚಕಾರ ಬಂತು, ಬಿಡು." ಎಷ್ಟು ವಿಚಿತ್ರ ನೋಡಿ. ಮನೆ ಕೊಳ್ಳುವಾಗ ಮುಂಗಡವಾಗಿ ಕೊಡುವ ಹಣಕ್ಕೂ ಸಂಚಕಾರ, ಜೀವಕ್ಕೆ ಬಂದ ಅಪಾಯಕ್ಕೂ ಸಂಚಕಾರ! ಆ ಮಾತಿನ ಬೆನ್ನು ಹತ್ತಿ ನಾನು ಪುಸ್ತಕಗಳನ್ನು ತೆಗೆದೆ. ಮನಸ್ಸು ಕೆಟ್ಟಾಗ ಒಬ್ಬೊಬ್ಬರಿಗೆ ಒಂದೊಂದು ಔಷಧ; ನನಗೆ ಹಳೆಯ ಪುಸ್ತಕ.

ಸಂಚಕಾರ ಎಂಬುದು ಸಂಸ್ಕೃತದ 'ಸತ್ಯಂಕಾರ'ದ ತದ್ಭವ. ಆಡಿದ ಮಾತನ್ನು ಸತ್ಯ ಮಾಡುವುದು ಎಂದರ್ಥ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಈ ಶಬ್ದವಿದೆ: ಸತ್ಯಂಕಾರವಾಗಿ ಕೊಟ್ಟ ದ್ರವ್ಯವನ್ನು ಇಮ್ಮಡಿಯಾಗಿ ಹಿಂದಿರುಗಿಸಬೇಕು ಎಂದು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ನಾಡಿನವನೇ. ಈಗ ಬಸವಕಲ್ಯಾಣ ಎನ್ನುವ ಊರು ಚಾಲುಕ್ಯರ ರಾಜಧಾನಿ ಕಲ್ಯಾಣವಾಗಿದ್ದ ಕಾಲ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಅವನು ಬರೆದ. ಕೊಡುಕೊಳ್ಳುವ ಮಾತು ನಿಲ್ಲಲೆಂದು ಉಂಗುರವೋ ಮತ್ತೇನೋ ಒಂದನ್ನು ಇನ್ನೊಬ್ಬರ ಕೈಯಲ್ಲಿ ಇಡುವುದುಂಟು ಎಂದು ಅವನು ವಿವರಿಸುತ್ತಾನೆ. ಉಂಗುರ ಕೊಟ್ಟವನೇ ಮಾತು ತಪ್ಪಿದರೆ ಉಂಗುರ ಹೋಯಿತು. ಇಸಿದುಕೊಂಡವನು ತಪ್ಪಿದರೆ ಅದರ ಎರಡರಷ್ಟು ಕೊಡಬೇಕು.

ಇದನ್ನು ಓದಿದಾಗ ನನ್ನ ಅಡವಿನ ಬಳೆಗಳು ನೆನಪಾದವು. ಒಂಬೈನೂರು ವರ್ಷಗಳ ಹಿಂದೆಯೂ ಮಾತು ಮುರಿಯುತ್ತಿತ್ತು. ಅದು ಎಷ್ಟು ಸಲ ಮುರಿದಿದ್ದರೆ ಒಬ್ಬ ಪಂಡಿತ ಕುಳಿತು ಅದಕ್ಕೆ ನಿಯಮ ಬರೆಯಬೇಕಾಯಿತು! ನಮಗೊಬ್ಬರಿಗೇ ಬಂದ ಗ್ರಹಚಾರ ಇದಲ್ಲ ಎಂಬುದು ತಿಳಿದೊಡನೆ ಅರ್ಧ ಭಾರ ಇಳಿಯಿತು.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಇನ್ನೊಂದು ನಿಯಮವಿದೆ. ಕೊಂಡ ಮೇಲೋ ಮಾರಿದ ಮೇಲೋ ಪಶ್ಚಾತ್ತಾಪವಾದರೆ ಹತ್ತು ದಿನದೊಳಗೆ ವಸ್ತುವನ್ನು ಹಿಂದೆ ಕೊಡಬಹುದು, ಹಿಂದೆ ಪಡೆಯಬಹುದು. ಹತ್ತು ದಿನ ಕಳೆದರೆ ಇಲ್ಲ. ನಾನು ಈ ಹತ್ತು ದಿನವನ್ನು ನನಗಾಗಿ ತೆಗೆದುಕೊಂಡೆ. ಹತ್ತು ದಿನ ಅಳುವುದು, ಬೈಯುವುದು, ಯೋಚಿಸುವುದು ಎಲ್ಲಾ ಆಗಲಿ. ಹನ್ನೊಂದನೆಯ ದಿನ ಮುಂದಿನ ಕೆಲಸ ಎಂದು ನಿಶ್ಚಯಿಸಿದೆ.

ಆ ಹತ್ತು ದಿನದಲ್ಲಿ ಮಾಡಬೇಕಾದ ಕೆಲಸಗಳೂ ಇದ್ದವು. ಮೊದಲು ಬಾಡಿಗೆ ಮನೆಯ ಮಾಲೀಕರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಆರು ತಿಂಗಳು ಕೇಳಿಕೊಂಡೆವು. ಆಮೇಲೆ ಸಂಚಕಾರದ ಹಣ ವಾಪಸು ಕೊಡಿ ಎಂದು ಬಾಯಲ್ಲಿ ಹೇಳಿ ಬಿಡದೆ, ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದು ಕಳಿಸಿದೆವು. ಕೋರ್ಟಿಗೆ ಹೋಗೋಣ ಎಂದು ನಮ್ಮ ಮೈದುನ ಹಾರಾಡಿದ. ಆಗ ಕಾನೂನಿನ ಚರಿತ್ರೆಯನ್ನೂ ಸ್ವಲ್ಪ ನೋಡಿದೆ.

ಇಂಗ್ಲಿಷರು 1872ರಲ್ಲಿ ಕರಾರು ಕಾಯ್ದೆ ತಂದರು. 1882ರಲ್ಲಿ ಸ್ವತ್ತು ವರ್ಗಾವಣೆ ಕಾಯ್ದೆ ಬಂತು. ಅದರ 54ನೆಯ ಕಲಮು ಹೇಳುವುದು ಬಹಳ ನಿಷ್ಠುರವಾದ ಮಾತು. ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಮನೆ ಅಥವಾ ಜಮೀನು ನೋಂದಣಿಯಾದ ಪತ್ರದಿಂದಲೇ ಮಾರಾಟವಾಗಬೇಕು. ಮಾರುತ್ತೇನೆಂಬ ಕರಾರಿನಿಂದ ಕೊಳ್ಳುವವರಿಗೆ ಆ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಅಂದರೆ ನಾನು ಮನಸ್ಸಿನಲ್ಲಿ ತುಳಸಿ ನೆಟ್ಟ ಹಿತ್ತಲು ಒಂದು ದಿನವೂ ನನ್ನದಾಗಿರಲಿಲ್ಲ. ನನ್ನದಾಗಿದ್ದದ್ದು ಒಂದು ಮಾತು ಮಾತ್ರ. ಅದೇ ಕಾಯ್ದೆಯ 55ನೆಯ ಕಲಮು ಒಂದು ಸಮಾಧಾನ ಕೊಡುತ್ತದೆ: ತಪ್ಪು ನಮ್ಮದಲ್ಲದಿದ್ದರೆ, ಮುಂಗಡವಾಗಿ ಕೊಟ್ಟ ಬೆಲೆಯ ಹಣಕ್ಕೆ ಆ ಸ್ವತ್ತೇ ಹೊಣೆ.

ಹಾಗಾದರೆ ಮೊಕದ್ದಮೆ? ದೆಹಲಿಯ ಅಲಿಪುರ ರಸ್ತೆಯ ಬಂಗಲೆಯೊಂದರ ಕಥೆ ಕಾನೂನಿನ ಪುಸ್ತಕಗಳಲ್ಲಿ ಪ್ರಸಿದ್ಧ. 1949ರ ಮಾರ್ಚಿನಲ್ಲಿ ಅದು 1,12,500 ರೂಪಾಯಿಗೆ ಮಾತಾಯಿತು. 1,000 ಸಂಚಕಾರ, ಆಮೇಲೆ 24,000. ಗಡುವಿನೊಳಗೆ ವ್ಯವಹಾರ ಮುಗಿಯಲಿಲ್ಲ. ಮಾರುವವರು 25,000 ಪೂರ್ತಿ ನಮಗೇ ಸೇರಬೇಕೆಂದು ಕೋರ್ಟಿಗೆ ಹೋದರು. ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದದ್ದು 1963ರಲ್ಲಿ: ಇಟ್ಟುಕೊಳ್ಳಬಹುದಾದದ್ದು ಸಂಚಕಾರದ ಸಾವಿರ ರೂಪಾಯಿ ಮಾತ್ರ, ಉಳಿದದ್ದನ್ನು ದಂಡವೆಂದು ನುಂಗುವಂತಿಲ್ಲ. ನ್ಯಾಯವೇನೋ ಸಿಕ್ಕಿತು, ಆದರೆ ಹದಿನಾಲ್ಕು ವರ್ಷ! ರಾಮನ ವನವಾಸ ಮುಗಿಯುವಷ್ಟು ಕಾಲ. ಕರಾರು ನಡೆಸಿಕೊಡಿ ಎಂದು ದಾವೆ ಹೂಡಲು ಗೊತ್ತಾದ ದಿನದಿಂದ ಮೂರು ವರ್ಷ ಅವಕಾಶವಿದೆ ಎಂದರು ನಮ್ಮ ವಕೀಲರು. ಆದರೆ ಅಣ್ಣ ತನ್ನ ಪಾಲನ್ನು ಮಾರಿಯಾನು, ತಂಗಿಯ ಪಾಲನ್ನು ಹೇಗೆ ಮಾರಿಯಾನು ಎಂದು ಅವರೇ ಕೇಳಿದರು. ಮೈದುನ ಸುಮ್ಮನಾದ.

ಒಂಬತ್ತನೆಯ ದಿನ ಸಂಜೆ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಪೇರಲ ಹಣ್ಣು. ಆ ಮನೆಯ ತಂಗಿ. ಒಳಗೆ ಕರೆದೆನಾದರೂ ನನ್ನ ಮುಖ ಗಂಟಿಕ್ಕಿಕೊಂಡೇ ಇತ್ತು.

"ನಿಮ್ಮ ಮ್ಯಾಲೆ ನಂಗೇನೂ ಸಿಟ್ಟಿಲ್ಲರಿ ವೈನಿ. ರೊಕ್ಕದ ಆಸೇನೂ ಅಲ್ಲ. ನಾ ಹುಟ್ಟಿದ ಮನಿ ಮಾರೂ ಮುಂದ ನನ್ನ ಒಂದು ಮಾತು ಯಾರೂ ಕೇಳಲಿಲ್ಲ. ಸಹಿ ಬೇಕಾದಾಗಷ್ಟೇ ತಂಗಿ ನೆನಪಾದಳು" ಎಂದಳು.

ಚಹಾ ಮಾಡಲು ಒಳಗೆ ಹೋದ ನಾನು ಒಲೆಯ ಮುಂದೆ ಸ್ವಲ್ಪ ಹೊತ್ತು ಹಾಗೇ ನಿಂತೆ. ಆ ವಾರವೇ ಮಿತಾಕ್ಷರಾದಲ್ಲಿ ಓದಿದ್ದು ನೆನಪಾಗಿತ್ತು. ಭೂಮಿ ಕೈ ಬದಲಾಗಲು ಆರು ಸಂಗತಿ ಬೇಕು: ಊರಿನವರ, ಬಂಧುಗಳ, ಅಕ್ಕಪಕ್ಕದವರ, ದಾಯಾದಿಗಳ ಒಪ್ಪಿಗೆ, ಜೊತೆಗೆ ಬಂಗಾರ ಮತ್ತು ನೀರು. ವಿಜ್ಞಾನೇಶ್ವರ ಒಂದೊಂದಕ್ಕೂ ಕಾರಣ ಕೊಡುತ್ತಾನೆ. ಊರಿನವರ ಒಪ್ಪಿಗೆ ವ್ಯವಹಾರ ಎಲ್ಲರಿಗೂ ತಿಳಿಯಲೆಂದು. ಅಕ್ಕಪಕ್ಕದವರದು ಮೇರೆಯ ಜಗಳ ಬಾರದಿರಲೆಂದು. ಬೇರೆಯಾದ ದಾಯಾದಿಗಳದು ಮುಂದೆ ಪಾಲಿನ ಸಂಶಯ ಹುಟ್ಟದಿರಲೆಂದು. ಮಾರುವುದನ್ನೂ ದಾನದ ಹಾಗೆ ಬಂಗಾರ, ನೀರು ಬಿಟ್ಟು ಕೊಡಬೇಕು. ಕೇಳದೆ ಮಾಡಿದ ವ್ಯವಹಾರ ನಿಲ್ಲುವುದಿಲ್ಲ ಎಂಬ ಲೋಕಜ್ಞಾನ ಅದರಲ್ಲಿದೆ. ಆದರೆ ಆ ದಾಯಾದಿಗಳ ಸಾಲಿನಲ್ಲಿ ಮದುವೆಯಾಗಿ ಹೋದ ಮಗಳಿಗೆ ಜಾಗವಿರಲಿಲ್ಲ.

ಹಾಗೆಂದು ವಿಜ್ಞಾನೇಶ್ವರ ಹೆಂಗಸರನ್ನು ಮರೆತವನಲ್ಲ. ತವರಿನವರು ಕೊಟ್ಟದ್ದಷ್ಟೇ ಅಲ್ಲ, ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಸ್ತ್ರೀಧನವೇ ಎಂದು ಅವನು ಬರೆದ. ಆಮೇಲಿನ ದಾರಿ ಮಾತ್ರ ಬಹಳ ನಿಧಾನದ್ದು. ಮೈಸೂರು ಸಂಸ್ಥಾನ 1933ರಲ್ಲಿ ಕಾಯ್ದೆ ಮಾಡಿ, ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಭಾಗ ಕೊಟ್ಟಿತು. ನಮ್ಮ ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು, ನಮ್ಮ ಅಜ್ಜಿಯರಿಗೆ ಅದು ಸಿಗಲಿಲ್ಲ. 1937ರ ಕಾಯ್ದೆ ವಿಧವೆಗೆ ಗಂಡನ ಪಾಲು ಕೊಟ್ಟಿತು, ಆದರೆ ಅವಳು ಬದುಕಿರುವವರೆಗೆ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣಿನ ಕೈಯಲ್ಲಿರುವ ಆಸ್ತಿಗೆ ಅವಳನ್ನೇ ಪೂರ್ಣ ಒಡತಿಯಾಗಿ ಮಾಡಿತು. ಪಿತ್ರಾರ್ಜಿತ ಮನೆಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳದೇ ಆಗಿ ಉಳಿಯಿತು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ಮಗಳೂ ಮಗನಂತೆಯೇ ಎಂದಿತು, ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಒಂದೇ ಕಾಯ್ದೆ: ಮದುವೆ ಆಗಿರಲಿ, ಬಿಡಲಿ, ಮಗಳಿಗೆ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಲೇಬೇಕೇ ಎಂಬ ಗೊಂದಲವನ್ನೂ 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಬಗೆಹರಿಸಿತು, ಬೇಕಿಲ್ಲ ಎಂದು.

1988ರಲ್ಲಿ ಮದುವೆಯಾದ ಈ ತಂಗಿ 1994ರಲ್ಲಿ ಹೊರಗುಳಿದವಳು, 2005ರಲ್ಲಿ ಒಳಗೆ ಬಂದವಳು. ಅಣ್ಣನಿಗೆ ಹಳೆಯ ಕಾಯ್ದೆ ಗೊತ್ತಿತ್ತು, ಹೊಸದು ಗೊತ್ತಿರಲಿಲ್ಲ. ನಮ್ಮ ಮನೆ ತಪ್ಪಿದ್ದು ಯಾರ ಮೋಸದಿಂದಲೂ ಅಲ್ಲ. ಒಬ್ಬ ಹೆಣ್ಣುಮಗಳಿಗೆ ತಡವಾಗಿ ಸಿಕ್ಕ ಹಕ್ಕಿನಿಂದ. ನಾನೂ ನನ್ನ ಅಪ್ಪನ ಮನೆಯಲ್ಲಿ ಕೇಳದಿದ್ದರೂ ಸಹಿ ಹಾಕಿ ಬಂದವಳೇ. ಅವಳ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ. ಮನೆ ಹೋದ ದುಃಖ ಮಾತ್ರ ಇದ್ದೇ ಇತ್ತು. ಅವಳದು ನ್ಯಾಯವಾಗಿದ್ದರೂ ನನ್ನದು ನಷ್ಟವೇ ಅಲ್ಲವೇ? ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಲು ನನಗೆ ಹತ್ತು ದಿನ ಸಾಲಲಿಲ್ಲ.

ಅಣ್ಣ ಸಂಚಕಾರವನ್ನು ಮೂರು ಕಂತಿನಲ್ಲಿ ಹಿಂದಿರುಗಿಸಿದರು. ಇಮ್ಮಡಿ ನಾವು ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಪ್ರತಿ ಕಂತಿಗೂ ಬರೆದು ಸಹಿ ಮಾಡಿಕೊಂಡೆವು. ಬಳೆ ಬಿಡಿಸಿಕೊಂಡೆ, ಅಡವಿನ ಬಡ್ಡಿ ನಮ್ಮ ತಲೆಗೇ ಬಂತು. ಆ ಬಡ್ಡಿಯನ್ನು ನಾನು ಕಲಿತದ್ದರ ಫೀಜು ಎಂದು ಖರ್ಚಿನ ಪುಸ್ತಕದಲ್ಲಿ ಬರೆದಿಟ್ಟೆ.

2011ರಲ್ಲಿ ಊರ ಹೊರಗೆ ಚಿಕ್ಕದೊಂದು ಮನೆ ನೋಡಿದೆವು. ಹಿತ್ತಲು ಇಲ್ಲ, ಪೇರಲ ಗಿಡವೂ ಇಲ್ಲ. ಮನೆಯವರು ಉತಾರ ನೋಡುತ್ತಿದ್ದರೆ ನಾನು ಕೇಳಿದ ಮೊದಲ ಪ್ರಶ್ನೆ, "ಈ ಮನೆಗೆ ಹೆಣ್ಣುಮಕ್ಕಳು ಎಷ್ಟು ಮಂದಿರಿ?" ಇಬ್ಬರು ಎಂದರು. ಸಂಚಕಾರ ಕೊಡುವ ಮೊದಲೇ ಆ ಇಬ್ಬರನ್ನೂ ಮಾತಾಡಿಸಿ ಬಂದೆ. ಖರೀದಿ ಪತ್ರದ ದಿನ ಇಬ್ಬರೂ ಬಂದರು, ಒಬ್ಬಳು ಹುಬ್ಬಳ್ಳಿಯಿಂದ, ಇನ್ನೊಬ್ಬಳು ಕಂಕುಳಲ್ಲಿ ಮಗು ಎತ್ತಿಕೊಂಡು ಗದಗದಿಂದ. ಅಣ್ಣನಿಗಿಂತ ಮೊದಲು ಅವರು ಸಹಿ ಮಾಡಿದರು. ಚಿಕ್ಕವಳು ಸಹಿ ಮಾಡಿ ಒಂದು ಗಳಿಗೆ ಪೆನ್ನನ್ನು ಹಾಗೇ ಹಿಡಿದುಕೊಂಡಿದ್ದಳು.

ಅಟ್ಟದಿಂದ ಇಳಿಸಿದ ಪಾತ್ರೆಯಲ್ಲಿ ಹಾಲು ಉಕ್ಕಿತು. ಅವರಿಬ್ಬರಿಗೂ ಕುಂಕುಮ ಹಚ್ಚಿ, ಉಡಿ ತುಂಬಿ, ಇದು ನಿಮ್ಮ ತವರುಮನೆಯೇ, ಬರ್ತಾ ಇರಿ ಎಂದೆ. ಬರುತ್ತಾರೆ ಕೂಡ.